ಡ್ರಾಪ್‌ಡೌನ್ ಇಟ್ಟರೂ ತಪ್ಪು ಎಂಟ್ರಿ ಬರುತ್ತಿದೆ, ತಡೆಯುವುದು ಎಲ್ಲಿ?

ಬ್ಯಾಡಗಿ_ಲೆಕ್ಕ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡಗಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಮೆಣಸಿನಕಾಯಿ ಸೀಸನ್ ಬಂದರೆ ಇಲ್ಲಿ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಮಾಲು ಇಳಿದ ಕೂಡಲೇ ಆವಕದ ಎಂಟ್ರಿ ಆಗಬೇಕು. ರೈತರ ಹೆಸರು, ಜಿಲ್ಲೆ, ತಾಲ್ಲೂಕು, ಊರು, ತಳಿ, ಚೀಲ, ಲಾಟ್ ನಂಬರ್, ಬ್ಯಾಂಕ್ ಖಾತೆ, ಎಲ್ಲ ಎಕ್ಸೆಲ್‌ನಲ್ಲೇ.

ಇದಕ್ಕೆ ಪರಿಚಯದವರೊಬ್ಬರು ಒಂದು ಫಾರ್ಮ್ ಮಾಡಿಕೊಟ್ಟಿದ್ದಾರೆ. ತಳಿಗೆ, ಜಿಲ್ಲೆಗೆ, ತಾಲ್ಲೂಕಿಗೆ ಡ್ರಾಪ್‌ಡೌನ್, ಅಂದರೆ ಬಾಣ ಒತ್ತಿ ಆರಿಸುವ ಲಿಸ್ಟ್, ಇದೆ. ಆದರೂ ತಿಂಗಳ ಕೊನೆಗೆ ತಳಿವಾರು ಮೊತ್ತ ತೆಗೆದರೆ 'ಕಡ್ಡಿ' ಒಂದು ಸಾಲು, 'ಬ್ಯಾಡಗಿ ಕಡ್ಡಿ' ಇನ್ನೊಂದು ಸಾಲು, ನೋಡಲು ಪೂರ್ತಿ ಹಾಗೇ ಇರುವ 'ಕಡ್ಡಿ' ಮತ್ತೊಂದು ಸಾಲು. ಕಡ್ಡಿ, ಡಬ್ಬಿ ಎರಡೂ ಮೆಣಸಿನಕಾಯಿ ತಳಿ, ಎರಡಕ್ಕೂ ರೇಟು ಬೇರೆ. ರೈತರ ಪಟ್ಟಿ ಬರೆಯುವಾಗ ಒಂದು ಚೀಲ ಆ ಕಡೆ ಈ ಕಡೆ ಆದರೂ ಅದು ಅವರ ದುಡ್ಡಿನ ಪ್ರಶ್ನೆ.

ಎಂಟ್ರಿ ಮಾಡುವುದು ಇಬ್ಬರು ಹುಡುಗರು. ಗದ್ದಲ ಜಾಸ್ತಿ ಇದ್ದಾಗ ಫಾರ್ಮ್ ಬಿಟ್ಟು ನೇರ ಶೀಟ್‌ನಲ್ಲೇ ತುಂಬುತ್ತಾರೆ. ಕೆಲವು ಸಲ ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯನ್ನು ಕಾಪಿ ಮಾಡಿ ಅಂಟಿಸುತ್ತಾರೆ. ಲಿಸ್ಟ್‌ನಲ್ಲಿ ಇಲ್ಲದ್ದು ಒಳಗೆ ಬರಲೇಬಾರದು, ಹಾಗೆ ಮಾಡಲು ಆಗುತ್ತದಾ?

ಹುಬ್ಬಳ್ಳಿ_ಟ್ರೇನರ್:

ಅಕ್ಕಾ, ಆಗುತ್ತದೆ. ಆದರೆ ಮೊದಲು ಒಂದು ಮಾತು ಹೇಳಿ. ನಿಮ್ಮಲ್ಲಿ ಇರುವುದು ಯಾವ ಡ್ರಾಪ್‌ಡೌನ್? ಎಕ್ಸೆಲ್‌ನಲ್ಲಿ ಈ ಹೆಸರಿನ ವಸ್ತು ಒಂದಲ್ಲ. ಡೇಟಾ ಮೆನುವಿನ ಡೇಟಾ ವ್ಯಾಲಿಡೇಷನ್‌ನಿಂದ ಸೆಲ್‌ನಲ್ಲೇ ಬರುವ ಬಾಣ ಒಂದು. ಡೆವಲಪರ್ ಟ್ಯಾಬ್‌ನಿಂದ ಶೀಟ್ ಮೇಲೆ ಇಡುವ ಫಾರ್ಮ್ ಕಂಟ್ರೋಲ್ ಕಾಂಬೊ ಬಾಕ್ಸ್ ಇನ್ನೊಂದು. ಆಕ್ಟಿವ್‌ಎಕ್ಸ್ ಅಥವಾ ಯೂಸರ್‌ಫಾರ್ಮ್ (ಕೋಡ್‌ನಿಂದ ತೆರೆಯುವ ಬೇರೆ ಕಿಟಕಿ) ಒಳಗಿನ ಕಾಂಬೊ ಬಾಕ್ಸ್ ಮತ್ತೊಂದು. ಮೂರೂ ನೋಡಲು ಹತ್ತಿರ ಹತ್ತಿರ. ತಪ್ಪು ತಡೆಯುವ ವಿಷಯದಲ್ಲಿ ಮೂರೂ ಬೇರೆ.

ಫಾರ್ಮ್ ಕಂಟ್ರೋಲ್‌ನಲ್ಲಿ ಕೈಯಿಂದ ಟೈಪ್ ಮಾಡಲು ಬರುವುದೇ ಇಲ್ಲ, ಹಾಗಾಗಿ ಸುರಕ್ಷಿತ ಅನ್ನಿಸುತ್ತದೆ. ಆದರೆ ಅದು ಸೆಲ್‌ಗೆ ಕೊಡುವುದು ಹೆಸರನ್ನಲ್ಲ, ಲಿಸ್ಟ್‌ನಲ್ಲಿ ಎಷ್ಟನೆಯದು ಅನ್ನುವ ಸಂಖ್ಯೆಯನ್ನು. 3 ಅಂತ ಉಳಿದಿರುತ್ತದೆ. ನಾಳೆ ಯಾರಾದರೂ ಲಿಸ್ಟ್ ಮಧ್ಯೆ ಹೊಸ ತಳಿ ಸೇರಿಸಿದರೆ ಹಳೆಯ 3ರ ಅರ್ಥವೇ ಬದಲು. ಆ ಸಂಖ್ಯೆಯನ್ನು ಹಾಗೇ ದಾಖಲೆಯಾಗಿ ಇಡಬೇಡಿ. ಎಂಟ್ರಿ ಆದ ಕೂಡಲೇ ಇಂಡೆಕ್ಸ್ ಫಾರ್ಮುಲಾದಿಂದ ಹೆಸರು ತೆಗೆದು ಆ ಹೆಸರನ್ನೇ ಉಳಿಸಬೇಕು.

ಬ್ಯಾಡಗಿ_ಲೆಕ್ಕ:

ನಮ್ಮದು ಯೂಸರ್‌ಫಾರ್ಮ್ ಸರ್. ಶೀಟ್‌ನಲ್ಲಿ ಡೇಟಾ ವ್ಯಾಲಿಡೇಷನ್ ಕೂಡ ಇದೆ, ಆದರೆ ಹುಡುಗರು ಅದನ್ನು ಇಷ್ಟಪಡುವುದಿಲ್ಲ. ಸೆಲ್‌ನಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ. ಬಾಣ ಒತ್ತಿದರೆ ಮಾತ್ರ ಲಿಸ್ಟ್‌ನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಬರುತ್ತವೆ. ಓದಲು ಆಗುವುದಿಲ್ಲ. ಅದಕ್ಕೇ ಅವರು ಬಾಣ ಒತ್ತದೆ ಟೈಪ್ ಮಾಡುತ್ತಾರೆ.

ಗದಗ_ಡಿಟಿಪಿ:

ಅಕ್ಕಾರೆ, ಅದು ಹಳೆಯ ನುಡಿ ಅಕ್ಷರದ ಕಥೆ. ಇಲ್ಲಿ ಗದಗಿನ ಪ್ರೆಸ್‌ಗಳಲ್ಲಿ ದಿನಾ ನೋಡುತ್ತೇವೆ. ಯಾರೋ ನಿಮ್ಮ ಲಿಸ್ಟ್ ಅನ್ನು ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಕೋಡ್ ಇರುವ ಯೂನಿಕೋಡ್‌ನಲ್ಲಿ ಅಲ್ಲ. ಅಂಥ ಟೈಪಿಂಗ್‌ನಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ತೋರಿಸುತ್ತದೆ, ಅಷ್ಟೇ. ಸೆಲ್‌ಗೆ ನುಡಿ ಫಾಂಟ್ ಹಚ್ಚಿದ್ದೀರಿ, ಆದ್ದರಿಂದ ಅಲ್ಲಿ ಕನ್ನಡ ಕಾಣುತ್ತದೆ. ಆದರೆ ವ್ಯಾಲಿಡೇಷನ್‌ನ ಬಾಣ ಒತ್ತಿದಾಗ ಬರುವ ಲಿಸ್ಟ್‌ಗೆ ಎಕ್ಸೆಲ್ ತನ್ನದೇ ಫಾಂಟ್ ಬಳಸುತ್ತದೆ. ಅದನ್ನು ಬದಲಿಸಲು ನಮಗೆ ಅವಕಾಶ ಇಲ್ಲ. ಅಲ್ಲಿ ಒಳಗಿನ ಇಂಗ್ಲಿಷ್ ಹೊರಗೆ ಬೀಳುತ್ತದೆ.

ಕಾಂಬೊ ಬಾಕ್ಸ್‌ಗೆ ಬೇಕಾದ ಫಾಂಟ್ ಹಾಕಬಹುದು. ನಿಮ್ಮ ಪರಿಚಯದವರು ಯೂಸರ್‌ಫಾರ್ಮ್‌ಗೆ ಹೋಗಿದ್ದು ಬಹುಶಃ ಇದೇ ಕಾರಣಕ್ಕೆ. ಆದರೆ ಗುಣವಾಗಬೇಕಾದ ಜಾಗ ಅದಲ್ಲ. ಲಿಸ್ಟ್ ಅನ್ನೇ ಯೂನಿಕೋಡ್‌ಗೆ ತಿರುಗಿಸಿ. ನುಡಿ ತಂತ್ರಾಂಶದ ಜೊತೆಯಲ್ಲೇ ಕನ್ವರ್ಟರ್ ಇದೆ, ಬರಹದಲ್ಲೂ ಇದೆ. ಲಿಸ್ಟ್ ಜೊತೆಗೆ ಹಳೆಯ ಎಂಟ್ರಿಗಳನ್ನೂ ತಿರುಗಿಸಬೇಕು. ಅರ್ಧ ಶೀಟ್ ಹಳೆಯ ನುಡಿ, ಅರ್ಧ ಯೂನಿಕೋಡ್ ಇದ್ದರೆ ಕಣ್ಣಿಗೆ ಎರಡೂ 'ಕಡ್ಡಿ', ಕಂಪ್ಯೂಟರ್‌ಗೆ ಎರಡಕ್ಕೂ ಸಂಬಂಧವೇ ಇಲ್ಲ. ಮೂರು ಸಾಲು ಬರುತ್ತವೆ ಅಂದಿರಲ್ಲ, ಅದರಲ್ಲಿ ಒಂದು ಹೀಗೆ ಹುಟ್ಟಿದ್ದಿರಬಹುದು.

ಯೂನಿಕೋಡ್‌ಗೆ ಬಂದ ಮೇಲೂ ಒಂದು ಎಚ್ಚರ ಬೇಕು. ಕನ್ನಡದಲ್ಲಿ ಕಾಣದ ಅಕ್ಷರಗಳು ಸೇರಿಕೊಳ್ಳುತ್ತವೆ. 'ಬ್ಯಾಂಕ್‌ನಲ್ಲಿ' ಅಂತ ಬರೆಯುವಾಗ ಕ್ ಮತ್ತು ನ ಒತ್ತಾಗದೆ ಬಿಡಿಯಾಗಿ ನಿಲ್ಲಲು ನಡುವೆ ಅಗಲ ಇಲ್ಲದ ಒಂದು ಗುರುತು ಹಾಕುತ್ತೇವೆ. ಕೆಲವು ಕೀಬೋರ್ಡ್‌ಗಳು ಅದನ್ನು ಪದದ ಕೊನೆಗೂ ಬಿಟ್ಟುಬಿಡುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಅಕ್ಷರ ಎಣಿಸುವ ಲೆನ್ ಫಾರ್ಮುಲಾ ಹಾಕಿ ನೋಡಿ, ಗೊತ್ತಾಗುತ್ತದೆ. 'ಗದಗ'ಕ್ಕೆ 3 ಬರಬೇಕು, 'ಹಾವೇರಿ'ಗೆ 6, 'ಹುಬ್ಬಳ್ಳಿ'ಗೆ 9. ಸ್ವರದ ಗುರುತು, ವಿರಾಮದ ಗುರುತು ಎಲ್ಲವನ್ನೂ ಎಕ್ಸೆಲ್ ಒಂದೊಂದಾಗಿ ಎಣಿಸುತ್ತದೆ. 'ಗದಗ'ಕ್ಕೆ 4 ಬಂದರೆ ಒಳಗೆ ಯಾರೋ ಕೂತಿದ್ದಾರೆ ಅಂತ ಅರ್ಥ.

ಬ್ಯಾಡಗಿ_ಲೆಕ್ಕ:

ಈಗಲೇ ನೋಡಿದೆ. 'ಕಡ್ಡಿ'ಗೆ ಕೆಲವು ಕಡೆ 5, ಕೆಲವು ಕಡೆ 6. ಟ್ರಿಮ್ ಹಾಕಿದರೆ ಕೆಲವು ಸರಿಯಾದವು. ಇನ್ನು ಕೆಲವು 6 ಆಗಿಯೇ ಉಳಿದಿವೆ.

ಗದಗ_ಡಿಟಿಪಿ:

ಟ್ರಿಮ್ ತೆಗೆಯುವುದು ಸಾಮಾನ್ಯ ಸ್ಪೇಸ್ ಮಾತ್ರ. ವೆಬ್ ಪುಟದಿಂದ ಕಾಪಿ ಮಾಡಿದರೆ ಬೇರೆ ಜಾತಿಯ ಸ್ಪೇಸ್ ಬರುತ್ತದೆ, ಅದರ ಕೋಡ್ 160. ಕಾಣದ ಗುರುತುಗಳ ಕೋಡ್ 8204 ಮತ್ತು 8205. ಸಬ್‌ಸ್ಟಿಟ್ಯೂಟ್ ಫಾರ್ಮುಲಾದಲ್ಲಿ ಯೂನಿಕ್ಯಾರ್ ಹಾಕಿ ಈ ಮೂರನ್ನೂ ತೆಗೆಯಿರಿ, ಆಮೇಲೆ ಟ್ರಿಮ್ ಹಾಕಿ. ಕ್ಲೀನ್ ಫಾರ್ಮುಲಾ ಇವಕ್ಕೆ ಸಾಲದು. ಒಂದು ಜಾಗ್ರತೆ. 8204 ಅನ್ನು ಪದದ ಮಧ್ಯದಿಂದ ತೆಗೆದರೆ 'ಬ್ಯಾಂಕ್‌ನಲ್ಲಿ'ಯಂಥ ಪದ ಕೆಡುತ್ತದೆ. ಆದ್ದರಿಂದ ಲಿಸ್ಟ್‌ನಲ್ಲಿ ಆ ಗುರುತು ಬೇಕಾಗದ ಹೆಸರುಗಳನ್ನೇ ಇಟ್ಟುಕೊಳ್ಳಿ. ತಳಿ, ತಾಲ್ಲೂಕಿನ ಹೆಸರುಗಳಿಗೆ ಅದು ಬೇಕಾಗುವುದು ಕಡಿಮೆ.

ಹುಬ್ಬಳ್ಳಿ_ಟ್ರೇನರ್:

ಡಿಟಿಪಿ ಅಣ್ಣಾ ಹೇಳಿದ್ದು ಬುನಾದಿ. ಈಗ ಫಾರ್ಮ್ ಕಡೆ ಬರುತ್ತೇನೆ.

ಯೂಸರ್‌ಫಾರ್ಮ್‌ನ ಕಾಂಬೊ ಬಾಕ್ಸ್‌ಗೆ ಸ್ಟೈಲ್ ಅನ್ನುವ ಪ್ರಾಪರ್ಟಿ ಇದೆ. ತಾನಾಗಿ ಇರುವುದು 0. ಅದರಲ್ಲಿ ಆಯ್ಕೆಯನ್ನೂ ಮಾಡಬಹುದು, ಮನಸ್ಸಿಗೆ ಬಂದದ್ದನ್ನು ಟೈಪ್ ಕೂಡ ಮಾಡಬಹುದು. ಅದನ್ನು 2 ಮಾಡಿ, ಅಂದರೆ ಡ್ರಾಪ್‌ಡೌನ್ ಲಿಸ್ಟ್. ಆಮೇಲೆ ಲಿಸ್ಟ್‌ನಲ್ಲಿ ಇರುವುದನ್ನು ಬಿಟ್ಟು ಬೇರೆ ಏನೂ ಬರೆಯಲು ಬರುವುದಿಲ್ಲ. ನಿಮ್ಮ ಫಾರ್ಮ್‌ನ ಅರ್ಧ ಸಮಸ್ಯೆ ಈ ಒಂದು ಬದಲಾವಣೆಯಿಂದ ಹೋಗುತ್ತದೆ.

ಮ್ಯಾಚ್‌ರಿಕ್ವೈರ್ಡ್ ಅನ್ನುವ ಇನ್ನೊಂದು ಪ್ರಾಪರ್ಟಿ ಇದೆ. ನಾನು ಅದನ್ನು ಬಳಸಿ ಅನ್ನುವುದಿಲ್ಲ. ಲಿಸ್ಟ್‌ಗೆ ಹೊಂದದ್ದು ಬಂದರೆ ಅದು ಇಂಗ್ಲಿಷ್‌ನಲ್ಲಿ 'ಇನ್‌ವ್ಯಾಲಿಡ್ ಪ್ರಾಪರ್ಟಿ ವ್ಯಾಲ್ಯೂ' ಅಂತ ಒಂದು ಸಂದೇಶ ತೋರಿಸಿ ಅಲ್ಲೇ ನಿಲ್ಲುತ್ತದೆ. ಎಂಟ್ರಿ ಮಾಡುವ ಹುಡುಗನಿಗೆ ತಾನು ಏನು ತಪ್ಪು ಮಾಡಿದೆ ಅಂತ ಅದರಿಂದ ತಿಳಿಯುವುದಿಲ್ಲ.

ಇನ್ನು ಎಕ್ಸಿಟ್ ಈವೆಂಟ್. ಬಹಳ ಜನ ಪರಿಶೀಲನೆಯ ಕೋಡ್ ಬರೆಯುವುದು ಇಲ್ಲಿ. ಬಾಕ್ಸ್ ಬಿಟ್ಟು ಮುಂದೆ ಹೋಗುವಾಗ ಪರೀಕ್ಷೆ, ತಪ್ಪಿದ್ದರೆ ಕ್ಯಾನ್ಸಲ್ ಅನ್ನು ಟ್ರೂ ಮಾಡಿ ಅಲ್ಲೇ ಹಿಡಿದು ನಿಲ್ಲಿಸುವುದು. ಇದರಲ್ಲಿ ಎರಡು ತೊಂದರೆ. ಆ ಬಾಕ್ಸ್‌ಗೆ ಕರ್ಸರ್ ಹೋಗಲೇ ಇಲ್ಲ ಅಂದರೆ ಎಕ್ಸಿಟ್ ಈವೆಂಟ್ ನಡೆಯುವುದೇ ಇಲ್ಲ. ಮುಟ್ಟದೇ ಬಿಟ್ಟ ಬಾಕ್ಸ್ ಖಾಲಿಯಾಗಿ ದಾಟಿ ಹೋಗುತ್ತದೆ. ಎರಡನೆಯದು, ತಪ್ಪು ತುಂಬಿದವನು ಫಾರ್ಮ್ ರದ್ದು ಮಾಡಲು ಬಟನ್ ಒತ್ತಿದರೂ ಅದೇ ಎಕ್ಸಿಟ್ ಅವನನ್ನು ಹಿಡಿಯುತ್ತದೆ. ರದ್ದು ಬಟನ್‌ನ ಟೇಕ್‌ಫೋಕಸ್‌ಆನ್‌ಕ್ಲಿಕ್ ಅನ್ನು ಫಾಲ್ಸ್ ಮಾಡಿದರೆ ಆ ಕಾಟ ತಪ್ಪುತ್ತದೆ.

ಹಾಗಾಗಿ ನಿಜವಾದ ಪರೀಕ್ಷೆ ಇರಬೇಕಾದದ್ದು ಸೇವ್ ಬಟನ್‌ನಲ್ಲಿ. ಅಲ್ಲಿ ಪ್ರತಿ ಕಾಂಬೊ ಬಾಕ್ಸ್‌ನ ಲಿಸ್ಟ್‌ಇಂಡೆಕ್ಸ್ ನೋಡಿ. ಅದು -1 ಇದ್ದರೆ ಲಿಸ್ಟ್‌ನಿಂದ ಏನೂ ಆಯ್ಕೆಯಾಗಿಲ್ಲ. ಆಗ ಶೀಟ್‌ಗೆ ಬರೆಯಬೇಡಿ. ಯಾವ ಬಾಕ್ಸ್ ಅಂತ ಬಣ್ಣ ಹಚ್ಚಿ ತೋರಿಸಿ, ಕರ್ಸರ್ ಅಲ್ಲಿಗೇ ಒಯ್ಯಿರಿ.

ಸಂದೇಶ ಕನ್ನಡದಲ್ಲಿ ಕೊಡಬೇಕು ಅಂತ ನಿಮಗೆ ಅನ್ನಿಸುತ್ತದೆ, ಅಲ್ವಾ? ವಿಬಿಎ, ಅಂದರೆ ಎಕ್ಸೆಲ್‌ನ ಮ್ಯಾಕ್ರೋ ಭಾಷೆ, ಅದರ ಕೋಡ್ ಬರೆಯುವ ಕಿಟಕಿಗೆ ಕನ್ನಡ ಗೊತ್ತಿಲ್ಲ. ಅಲ್ಲಿ ಕನ್ನಡ ಅಂಟಿಸಿದರೆ ಬರೀ ಪ್ರಶ್ನೆ ಚಿಹ್ನೆಗಳು. ಮೆಸೇಜ್ ಬಾಕ್ಸ್‌ನಲ್ಲೂ ಅದೇ ಗತಿ. ಸಂದೇಶಗಳನ್ನು ಒಂದು ಶೀಟ್‌ನಲ್ಲಿ ಬರೆದಿಟ್ಟು, ಫಾರ್ಮ್ ಮೇಲಿನ ಒಂದು ಲೇಬಲ್‌ಗೆ ಅಲ್ಲಿಂದ ತಂದು ತೋರಿಸಿ. ಲೇಬಲ್‌ನಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಅದೇ ರೀತಿ 'ಕಡ್ಡಿ' ಇದ್ದರೆ ಹೀಗೆ ಮಾಡು ಅಂತ ಕೋಡ್ ಒಳಗೆ ಕನ್ನಡ ಪದ ಇಟ್ಟು ಹೋಲಿಸಲೂ ಬೇಡಿ. ಶೀಟ್‌ನ ಸೆಲ್‌ಗೆ ಹೋಲಿಸಿ.

ರಾಣೆಬೆನ್ನೂರು_ಬೀಜ:

ನಮಸ್ಕಾರ. ನಮ್ಮದು ಬೀಜದ ವ್ಯಾಪಾರ. ಇಷ್ಟೆಲ್ಲಾ ಓದಿದ ಮೇಲೆ ನನಗೆ ಒಂದು ಭಯ ಇದೆ, ಹೇಳುತ್ತೇನೆ.

ಲಿಸ್ಟ್‌ನಲ್ಲಿ ಇಲ್ಲದ್ದು ಬರಲೇಬಾರದು ಅಂತ ಬಾಗಿಲು ಮುಚ್ಚುತ್ತೀರಿ. ಸರಿ. ಆದರೆ ಎದುರಿಗೆ ನಿಂತ ರೈತ ತಂದ ತಳಿ ಲಿಸ್ಟ್‌ನಲ್ಲಿ ಇಲ್ಲದಿದ್ದರೆ? ಎಂಟ್ರಿ ಮಾಡುವವನು ಏನು ಮಾಡುತ್ತಾನೆ? ಹಿಂದೆ ಗಾಡಿ ನಿಂತಿವೆ, ಹಮಾಲರು ಕೂಗುತ್ತಿದ್ದಾರೆ. ಅವನು ಹತ್ತಿರದ ಹೆಸರು ಯಾವುದೋ ಒತ್ತಿ ಮುಂದೆ ಹೋಗುತ್ತಾನೆ. ಆಗ ನಿಮ್ಮ ಶೀಟ್‌ನಲ್ಲಿ ಒಂದೂ ಕೆಂಪು ಗುರುತು ಇರುವುದಿಲ್ಲ. ಎಲ್ಲಾ ಸರಿಯಾಗಿ ಕಾಣುತ್ತದೆ. ಆದರೆ ಬರೆದದ್ದು ಸುಳ್ಳು.

'ಕಡ್ಡೀ' ಅಂತ ತಪ್ಪಾಗಿ ಬರೆದದ್ದನ್ನು ಆಮೇಲೆ ಹುಡುಕಿ ತಿದ್ದಬಹುದು. ಡಬ್ಬಿ ಮಾಲನ್ನು ಕಡ್ಡಿ ಅಂತ ಸರಿಯಾದ ಕಾಗುಣಿತದಲ್ಲಿ ಬರೆದರೆ ಅದನ್ನು ಯಾವ ಫಾರ್ಮುಲಾ ಹಿಡಿಯುತ್ತದೆ? ಲಿಸ್ಟ್ ಗಟ್ಟಿ ಮಾಡುವ ಮುಂಚೆ ಲಿಸ್ಟ್ ಪೂರ್ತಿ ಇದೆಯಾ ನೋಡಿ. ಮಾರ್ಕೆಟ್‌ಗೆ ಬರುವ ಹೈಬ್ರಿಡ್ ಮಾಲಿಗೆ 5531ರಂಥ ನಂಬರೇ ಹೆಸರು. ಅವೆಲ್ಲ ನಿಮ್ಮ ಲಿಸ್ಟ್‌ನಲ್ಲಿ ಇವೆಯಾ? ಗುಂಟೂರು ಮಾಲು? ನಿಮ್ಮಲ್ಲಿಗೆ ಬಳ್ಳಾರಿ, ರಾಯಚೂರಿನಿಂದ, ಆಂಧ್ರದಿಂದಲೂ ಗಾಡಿ ಬರುತ್ತವೆ. ಜಿಲ್ಲೆಯ ಲಿಸ್ಟ್‌ನಲ್ಲಿ ಬರೀ ನಮ್ಮ ಕಡೆಯ ಜಿಲ್ಲೆ ಇಟ್ಟರೆ ಅವರೆಲ್ಲ ಹಾವೇರಿಯವರಾಗುತ್ತಾರೆ.

ನಾನು ಹೇಳುವುದು ಇಷ್ಟು. ಕೊನೆಗೆ 'ಲಿಸ್ಟ್‌ನಲ್ಲಿ ಇಲ್ಲ' ಅಂತ ಒಂದು ಆಯ್ಕೆ ಇಡಿ. ಅದನ್ನು ಆರಿಸಿದರೆ ಮಾತ್ರ ಪಕ್ಕದಲ್ಲಿ ಬರೆಯುವ ಒಂದು ಜಾಗ ತೆರೆಯಲಿ, ಅದನ್ನು ತುಂಬದೆ ಸೇವ್ ಆಗದಿರಲಿ. ದಿನದ ಕೊನೆಗೆ ನೀವು ಆ ಸಾಲುಗಳನ್ನು ಮಾತ್ರ ನೋಡಿ. ಹೊಸ ತಳಿ ನಿಜವಾಗಿದ್ದರೆ ಲಿಸ್ಟ್‌ಗೆ ಸೇರಿಸಿ. ಹುಡುಗರಿಗೆ ನಿಜ ಬರೆಯಲು ಒಂದು ದಾರಿ ಇರಬೇಕು.

ಹುಬ್ಬಳ್ಳಿ_ಟ್ರೇನರ್:

ಸಾವ್ಕಾರ್ರೇ, ಪೂರ್ತಿ ಒಪ್ಪುತ್ತೇನೆ. ಒಂದೇ ಸೇರಿಸುತ್ತೇನೆ. 'ಲಿಸ್ಟ್‌ನಲ್ಲಿ ಇಲ್ಲ' ಅನ್ನುವುದು ಸುಲಭದ ದಾರಿ ಆಗಬಾರದು. ಪಕ್ಕದ ಬಾಕ್ಸ್ ತುಂಬುವುದು ಕಡ್ಡಾಯ ಇದ್ದರೆ ಅದನ್ನು ಸುಮ್ನೆ ಯಾರೂ ಒತ್ತುವುದಿಲ್ಲ. ಲಿಸ್ಟ್‌ನಿಂದ ಆರಿಸುವುದೇ ಅದಕ್ಕಿಂತ ಬೇಗ ಆಗುತ್ತದೆ.

ಬ್ಯಾಡಗಿ_ಲೆಕ್ಕ:

ಅಣ್ಣಾರೆ, ನಿಮ್ಮ ಮಾತು ಓದಿ ತಾಲ್ಲೂಕಿನ ಕಾಲಂ ತೆರೆದು ನೋಡಿದೆ. ಅಣ್ಣಿಗೇರಿ ಅಂತ ಬಹಳ ಎಂಟ್ರಿ ಇವೆ. ಅಣ್ಣಿಗೇರಿ ಕಡೆಯಿಂದ ಮಾಲು ಬರುತ್ತದೆ, ನಿಜ. ಆದರೆ ಅಷ್ಟು ಬರುವುದಿಲ್ಲ. ಎಷ್ಟೋ ಸಾಲುಗಳಲ್ಲಿ ಊರಿನ ಹೆಸರು ನೋಡಿದರೆ ಕುಂದಗೋಳ ತಾಲ್ಲೂಕು, ನವಲಗುಂದ ತಾಲ್ಲೂಕು. ಇದು ಯಾಕೆ?

ಹುಬ್ಬಳ್ಳಿ_ಟ್ರೇನರ್:

ಅಕ್ಕಾ, ಧಾರವಾಡ ಜಿಲ್ಲೆಯ ತಾಲ್ಲೂಕುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಮೊದಲು ಬರುವುದು ಅಣ್ಣಿಗೇರಿ. ಫಾರ್ಮ್ ತೆರೆಯುವಾಗ ಲಿಸ್ಟ್‌ಇಂಡೆಕ್ಸ್ ಅನ್ನು 0 ಮಾಡುವ ಸಾಲು ನಿಮ್ಮ ಕೋಡ್‌ನಲ್ಲಿ ಇರುತ್ತದೆ, ನೋಡಿ. ಬಾಕ್ಸ್ ಖಾಲಿ ಕಾಣಬಾರದು ಅಂತ ಎಷ್ಟೋ ಜನ ಹಾಗೆ ಬರೆಯುತ್ತಾರೆ. ಅದರಿಂದ ಮೊದಲ ಹೆಸರು ತಾನಾಗಿ ಆಯ್ಕೆಯಾಗಿರುತ್ತದೆ. ಮುಟ್ಟದೆ ಬಿಟ್ಟರೂ ಅಣ್ಣಿಗೇರಿ ಅಂತ ಸೇವ್ ಆಗುತ್ತದೆ. ಸೇವ್ ಬಟನ್‌ನ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಅದು ಲಿಸ್ಟ್‌ನಲ್ಲಿ ಇರುವ ಹೆಸರೇ.

ಆ ಸಾಲು ತೆಗೆದು -1 ಮಾಡಿ. ಫಾರ್ಮ್ ತೆರೆದಾಗ ಮಾತ್ರ ಅಲ್ಲ, ಒಂದು ಎಂಟ್ರಿ ಸೇವ್ ಆದ ಮೇಲೂ -1ಕ್ಕೇ ಹೋಗಬೇಕು. ಇಲ್ಲದಿದ್ದರೆ ಹಿಂದಿನ ರೈತನ ತಾಲ್ಲೂಕು ಮುಂದಿನ ರೈತನಿಗೆ ಅಂಟಿಕೊಳ್ಳುತ್ತದೆ.

ಧಾರವಾಡ_ಮಾಸ್ತರ್:

ಜಿಲ್ಲೆ, ತಾಲ್ಲೂಕಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಹುಡುಗರ ಮೇಲೆ ತಪ್ಪು ಹೊರಿಸುವ ಮುಂಚೆ ರೈತರ ಕೈಯಲ್ಲಿರುವ ಕಾಗದವನ್ನು ನೋಡಬೇಕು.

ಗದಗ, ಹಾವೇರಿ ಎರಡೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹಳೆಯ ಉತಾರ, ಹಳೆಯ ಪಾಸ್‌ಬುಕ್, ಖರೀದಿ ಪತ್ರ ಏನೇ ತೆಗೆದರೂ 'ತಾಲ್ಲೂಕು ಬ್ಯಾಡಗಿ, ಜಿಲ್ಲೆ ಧಾರವಾಡ' ಅಂತ ಇರುತ್ತದೆ. ರೈತರು ಆ ಕಾಗದ ತೋರಿಸಿ ಬರೆಸುತ್ತಾರೆ. ವಯಸ್ಸಾದವರು ಬಾಯಲ್ಲೂ ಹಾಗೇ ಹೇಳುತ್ತಾರೆ. ಅದರ ಮೇಲೆ 2018ರ ಸುಮಾರಿಗೆ ಹೊಸ ತಾಲ್ಲೂಕುಗಳು ಬಂದವು. ನವಲಗುಂದದಿಂದ ಅಣ್ಣಿಗೇರಿ, ಧಾರವಾಡದಿಂದ ಅಳ್ನಾವರ, ಶಿರಹಟ್ಟಿಯಿಂದ ಲಕ್ಷ್ಮೇಶ್ವರ, ರೋಣದಿಂದ ಗಜೇಂದ್ರಗಡ, ಹಿರೇಕೆರೂರಿನಿಂದ ರಟ್ಟೀಹಳ್ಳಿ. ಊರು ಅದೇ ಜಾಗದಲ್ಲಿದೆ. ಕಾಗದದಲ್ಲಿ ಒಂದು ತಾಲ್ಲೂಕು, ಈಗ ಇನ್ನೊಂದು.

ಆದ್ದರಿಂದ ಜಿಲ್ಲೆ ಮತ್ತು ತಾಲ್ಲೂಕು ಒಂದೊಂದೇ ಸರಿ ಇದೆಯಾ ಅಂತ ನೋಡಿದರೆ ಸಾಲದು. ಜೋಡಿ ಸರಿ ಇದೆಯಾ ನೋಡಬೇಕು. 'ಧಾರವಾಡ' ಜಿಲ್ಲೆಯ ಲಿಸ್ಟ್‌ನಲ್ಲಿದೆ. 'ಬ್ಯಾಡಗಿ' ತಾಲ್ಲೂಕಿನ ಲಿಸ್ಟ್‌ನಲ್ಲಿದೆ. ಎರಡೂ ಪಾಸು. ಜೋಡಿ ಮಾತ್ರ ಇಂದಿಗೆ ತಪ್ಪು.

ಒಂದು ಶೀಟ್‌ನಲ್ಲಿ ಎರಡು ಕಾಲಂ ಮಾಡಿ. ಒಂದರಲ್ಲಿ ಜಿಲ್ಲೆ, ಎದುರಿಗೆ ತಾಲ್ಲೂಕು. ಧಾರವಾಡಕ್ಕೆ 8 ಸಾಲು, ಗದಗಕ್ಕೆ 7, ಹಾವೇರಿಗೆ 8. ಬೇರೆ ಜಿಲ್ಲೆಗಳನ್ನು ಕೆಳಗೆ ಸೇರಿಸುತ್ತಾ ಹೋಗಿ. ಕೌಂಟ್‌ಇಫ್ಸ್ ಫಾರ್ಮುಲಾಕ್ಕೆ ಜಿಲ್ಲೆ ಮತ್ತು ತಾಲ್ಲೂಕು ಎರಡನ್ನೂ ಕೊಡಿ. ಸೊನ್ನೆ ಬಂದರೆ ಜೋಡಿ ತಪ್ಪು. ಇನ್ನೂ ಒಳ್ಳೆಯದು ಅಂದರೆ ಜಿಲ್ಲೆಯನ್ನು ಕೇಳಲೇಬೇಡಿ. ತಾಲ್ಲೂಕು ಆರಿಸಿದರೆ ಜಿಲ್ಲೆ ತಾನೇ ಬರುವಂತೆ ಮಾಡಿ. ಕೇಳದ ಪ್ರಶ್ನೆಗೆ ತಪ್ಪು ಉತ್ತರ ಬರುವುದಿಲ್ಲ.

ಹಾನಗಲ್_ಸಂಘ:

ಮಾಸ್ತರ್ ಹೇಳಿದ್ದು ನಮ್ಮ ಸಂಘದ ಕೆಲಸಕ್ಕೂ ಬೇಕಾಗಿತ್ತು. ನಾವು ಇನ್‌ಡೈರೆಕ್ಟ್ ಫಾರ್ಮುಲಾ ಬಳಸಿ ಜಿಲ್ಲೆ ಆರಿಸಿದರೆ ಆ ಜಿಲ್ಲೆಯ ತಾಲ್ಲೂಕು ಮಾತ್ರ ಬರುವ ಹಾಗೆ ಮಾಡಿದ್ದೇವೆ. ಆದರೆ ಮೊದಲು ಗದಗ ಆರಿಸಿ, ತಾಲ್ಲೂಕು ಮುಂಡರಗಿ ಅಂತ ಕೊಟ್ಟು, ಆಮೇಲೆ ಜಿಲ್ಲೆಯನ್ನು ಹಾವೇರಿ ಅಂತ ಬದಲಿಸಿದರೆ ಮುಂಡರಗಿ ಹಾಗೇ ಉಳಿಯುತ್ತದೆ. ಎಕ್ಸೆಲ್ ಏನೂ ಅನ್ನುವುದಿಲ್ಲ. ಇದಕ್ಕೆ ಮ್ಯಾಕ್ರೋ ಇಲ್ಲದೆ ದಾರಿ ಇದೆಯಾ?

ಹುಬ್ಬಳ್ಳಿ_ಟ್ರೇನರ್:

ಇದೆ. ಜಿಲ್ಲೆಯ ಸೆಲ್‌ನ ವ್ಯಾಲಿಡೇಷನ್ ಮೂಲದಲ್ಲಿ ಒಂದು ಇಫ್ ಹಾಕಿ. ತಾಲ್ಲೂಕಿನ ಸೆಲ್ ಖಾಲಿ ಇದ್ದರೆ ಜಿಲ್ಲೆಯ ಪೂರ್ತಿ ಲಿಸ್ಟ್, ತುಂಬಿದ್ದರೆ 'ಮೊದಲು ತಾಲ್ಲೂಕು ಅಳಿಸಿ' ಅಂತ ಬರೆದ ಒಂದೇ ಸೆಲ್. ಆಗ ಬಾಣ ಒತ್ತಿದರೆ ಆ ಒಂದೇ ಸಾಲು ಕಾಣುತ್ತದೆ. ಇದು ಬಾಣದಿಂದ ಆರಿಸುವವರಿಗೆ ಸಾಕು. ಆದರೆ ಇದರ ಜೊತೆಗೆ ಮಾಸ್ತರ್ ಹೇಳಿದ ಜೋಡಿ ಪರೀಕ್ಷೆಯೂ ಇರಲೇಬೇಕು.

ಇನ್‌ಡೈರೆಕ್ಟ್ ಬಳಸುವಾಗ ನೆನಪಿಡಿ, ರೇಂಜ್‌ಗೆ, ಅಂದರೆ ಸೆಲ್‌ಗಳ ಗುಂಪಿಗೆ, ಇಡುವ ಹೆಸರಿನಲ್ಲಿ ಸ್ಪೇಸ್ ಇರಬಾರದು. 'ಹುಬ್ಬಳ್ಳಿ ನಗರ'ದಂಥ ಹೆಸರು ಅಲ್ಲಿ ಎಡವುತ್ತದೆ. ಎಕ್ಸೆಲ್ 2021 ಅಥವಾ 365 ಇದ್ದರೆ ಫಿಲ್ಟರ್ ಫಾರ್ಮುಲಾ ಬಳಸಿ, ಈ ರಗಳೆ ಇಲ್ಲ.

ಈಗ ಅಂಟಿಸುವ ವಿಷಯ. ಅಕ್ಕನ ಮೊದಲ ಪ್ರಶ್ನೆಯಲ್ಲೇ ಇತ್ತು. ಡೇಟಾ ವ್ಯಾಲಿಡೇಷನ್ ನೋಡುವುದು ಕೈಯಿಂದ ಟೈಪ್ ಮಾಡಿದ್ದನ್ನು ಮಾತ್ರ. ಕಾಪಿ ಮಾಡಿ ಅಂಟಿಸಿದ್ದನ್ನು ನೋಡುವುದಿಲ್ಲ. ಸೆಲ್ ಮೂಲೆ ಹಿಡಿದು ಕೆಳಗೆ ಎಳೆದದ್ದನ್ನು ನೋಡುವುದಿಲ್ಲ. ಮ್ಯಾಕ್ರೋ ಬರೆದದ್ದನ್ನೂ ನೋಡುವುದಿಲ್ಲ. ಅದರಲ್ಲೂ ಎಕ್ಸೆಲ್‌ನದೇ ಬೇರೆ ಸೆಲ್ ಕಾಪಿ ಮಾಡಿ ಸಾದಾ ಅಂಟಿಸಿದರೆ ಇದ್ದ ನಿಯಮವೂ ಅಳಿಸಿ ಹೋಗುತ್ತದೆ. ಶೀಟ್ ಪ್ರೊಟೆಕ್ಟ್ ಮಾಡಿದ್ದರೂ ಎಂಟ್ರಿಗೆ ಬಿಟ್ಟ ಸೆಲ್‌ಗಳಲ್ಲಿ ಹೀಗೇ ಆಗುತ್ತದೆ. ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಅಂತ ಕೊಟ್ಟರೆ ನಿಯಮ ಉಳಿಯುತ್ತದೆ, ಆದರೆ ತಪ್ಪು ಹೆಸರು ಒಳಗೆ ಬಂದಿರುತ್ತದೆ.

ಡೇಟಾ ವ್ಯಾಲಿಡೇಷನ್ ಬಟನ್ ಕೆಳಗೆ ಸರ್ಕಲ್ ಇನ್‌ವ್ಯಾಲಿಡ್ ಡೇಟಾ ಅಂತ ಇದೆ. ಒತ್ತಿದರೆ ನಿಯಮಕ್ಕೆ ಹೊಂದದ ಸೆಲ್‌ಗಳ ಸುತ್ತ ಕೆಂಪು ಉಂಗುರ ಬರುತ್ತದೆ. ನಿಯಮ ಅಳಿಸಿ ಹೋದ ಸೆಲ್‌ಗೆ ಮಾತ್ರ ಉಂಗುರ ಬರುವುದಿಲ್ಲ. ಅದನ್ನೇ ನಂಬಿ ಕೂರಬೇಡಿ. ಪಕ್ಕದಲ್ಲಿ ಒಂದು 'ತಪಾಸಣೆ' ಕಾಲಂ ಇಡಿ. ಅದನ್ನು ಲಾಕ್ ಮಾಡಿ. ಎಂಟ್ರಿ ಹೇಗೇ ಬರಲಿ, ಟೈಪ್ ಆಗಲಿ, ಅಂಟಿಸಿದ್ದಾಗಲಿ, ಫಾರ್ಮ್‌ನಿಂದ ಆಗಲಿ, ಆ ಕಾಲಂನ ಫಾರ್ಮುಲಾ ಎಲ್ಲವನ್ನೂ ನೋಡುತ್ತದೆ.

ಇನ್ನೊಂದು ಸಣ್ಣ ಕಿಂಡಿ. ಲಿಸ್ಟ್‌ಗೆ ಹೆಸರಿಟ್ಟ ರೇಂಜ್ ಕೊಟ್ಟಿದ್ದೀರಿ, ಅದರೊಳಗೆ ಖಾಲಿ ಸೆಲ್ ಇದೆ, ಇಗ್ನೋರ್ ಬ್ಲ್ಯಾಂಕ್ ಟಿಕ್ ಆಗಿದೆ ಅಂದುಕೊಳ್ಳಿ. ಆಗ ಎಕ್ಸೆಲ್ ಏನು ಟೈಪ್ ಮಾಡಿದರೂ ಒಪ್ಪಿಕೊಳ್ಳುತ್ತದೆ. ಮುಂದೆ ಬೇಕಾಗಬಹುದು ಅಂತ ಲಿಸ್ಟ್ ಕೆಳಗೆ ಖಾಲಿ ಜಾಗ ಸೇರಿಸಿಟ್ಟವರಿಗೆ ಇದು ಆಗುತ್ತದೆ. ಲಿಸ್ಟ್ ಅನ್ನು ಟೇಬಲ್ ಮಾಡಿದರೆ ಖಾಲಿ ಜಾಗ ಬೇಕಾಗುವುದಿಲ್ಲ. ಹೊಸ ಸಾಲು ಸೇರಿಸಿದಂತೆ ಅದೇ ಬೆಳೆಯುತ್ತದೆ.

ಗದಗ_ಡಿಟಿಪಿ:

ತಪಾಸಣೆ ಕಾಲಂಗೆ ಬರೀ ಕೌಂಟ್‌ಇಫ್ ಹಾಕಬೇಡಿ ಅಂತ ನನ್ನ ವಿನಂತಿ. ಅದು ನಕ್ಷತ್ರ ಚಿಹ್ನೆಯನ್ನು 'ಏನು ಬೇಕಾದರೂ' ಅಂತ ಓದುತ್ತದೆ. ಯಾರಾದರೂ ತಳಿಯ ಜಾಗದಲ್ಲಿ ಒಂದು ನಕ್ಷತ್ರ ಹಾಕಿ ಬಿಟ್ಟರೆ ಲಿಸ್ಟ್‌ನ ಎಲ್ಲ ಹೆಸರಿಗೂ ಅದು ಹೊಂದುತ್ತದೆ. ಕೌಂಟ್‌ಇಫ್ ಪಾಸು ಅನ್ನುತ್ತದೆ. 'ಆಮೇಲೆ ನೋಡೋಣ' ಅಂತ ನಕ್ಷತ್ರ ಹಾಕುವ ಅಭ್ಯಾಸ ಲೆಕ್ಕದ ಪುಸ್ತಕದಿಂದಲೇ ಬಂದದ್ದು, ಬಹಳ ಜನ ಹಾಕುತ್ತಾರೆ. ಸಮ್‌ಪ್ರಾಡಕ್ಟ್ ಒಳಗೆ ಎಕ್ಸ್ಯಾಕ್ಟ್ ಹಾಕಿದರೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಕಾಣದ ಗುರುತು ಇದ್ದರೂ ಸಿಕ್ಕಿಬೀಳುತ್ತದೆ.

ರಾಣೆಬೆನ್ನೂರು ಸಾವ್ಕಾರ್ರು ಹೇಳಿದ 5531ಕ್ಕೂ ಒಂದು ಮಾತು. ಲಿಸ್ಟ್‌ನಲ್ಲಿ ಅದು ಪಠ್ಯವಾಗಿದ್ದು ಎಂಟ್ರಿಯಲ್ಲಿ ಸಂಖ್ಯೆಯಾದರೆ ಕೌಂಟ್‌ಇಫ್ ಎರಡನ್ನೂ ಒಂದೇ ಅನ್ನುತ್ತದೆ, ಮ್ಯಾಚ್ ಮತ್ತು ಎಕ್ಸ್‌ಲುಕಪ್ ಬೇರೆ ಅನ್ನುತ್ತವೆ. ತಪಾಸಣೆ ಪಾಸಾಗಿ ಮುಂದೆ ರೇಟು ತರುವಾಗ ಸಿಗುವುದಿಲ್ಲ. 'ಹೈಬ್ರಿಡ್ 5531' ಅಂತ ಮುಂದೆ ಒಂದು ಪದ ಸೇರಿಸಿ ಇಡಿ. ಆಗ ಅದು ಯಾವತ್ತೂ ಪಠ್ಯವೇ.

ಬ್ಯಾಡಗಿ_ಲೆಕ್ಕ:

ಬ್ಯಾಂಕ್ ಖಾತೆಗೂ ಏನಾದರೂ ಮಾಡಬಹುದಾ? ಅದಕ್ಕೆ ಲಿಸ್ಟ್ ಇಡಲು ಬರುವುದಿಲ್ಲ. ದುಡ್ಡು ಹೋಗುವುದು ಅಲ್ಲಿಗೇ.

ಹುಬ್ಬಳ್ಳಿ_ಟ್ರೇನರ್:

ಖಾತೆ ನಂಬರ್ ಕಾಲಂ ಅನ್ನು ಮೊದಲು ಟೆಕ್ಸ್ಟ್ ಮಾಡಿ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಸರಿಯಾಗಿ ಇಡುತ್ತದೆ, ಮುಂದಿನವು ಸೊನ್ನೆಯಾಗುತ್ತವೆ. ನಂಬರ್ ಶುರುವಿನಲ್ಲಿರುವ ಸೊನ್ನೆಗಳೂ ಹಾರಿಹೋಗುತ್ತವೆ. ಐಎಫ್‌ಎಸ್‌ಸಿ ಕೋಡ್‌ಗೆ ನಿಯಮ ಸುಲಭ. ಒಟ್ಟು 11 ಅಕ್ಷರ, ಮೊದಲ ನಾಲ್ಕು ಬ್ಯಾಂಕಿನ ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಲೆನ್ 11 ಇದೆಯಾ, ಮಿಡ್‌ನಿಂದ ತೆಗೆದ ಐದನೆಯದು ಸೊನ್ನೆಯಾ ಅಂತ ಕಸ್ಟಮ್ ವ್ಯಾಲಿಡೇಷನ್‌ನಲ್ಲಿ ಕೊಡಿ. ಸೊನ್ನೆಯ ಬದಲು ಇಂಗ್ಲಿಷ್ 'ಓ' ಒತ್ತಿದ್ದು ಅಲ್ಲೇ ಸಿಗುತ್ತದೆ. ಪಿನ್ ಕೋಡ್‌ಗೆ 6 ಅಂಕಿ. ಹುಬ್ಬಳ್ಳಿ-ಧಾರವಾಡ 580, ಹಾವೇರಿ ಕಡೆ 581, ಗದಗ 582 ಅಂತ ಶುರುವಾಗುತ್ತವೆ. ಅದನ್ನು ಸ್ಟಾಪ್ ಮಾಡಬೇಡಿ, ವಾರ್ನಿಂಗ್ ಇಡಿ. ಹೊರಗಿನ ರೈತರೂ ಬರುತ್ತಾರಲ್ಲ.

ಖಾತೆ ನಂಬರ್ ಅನ್ನು ಎರಡು ಸಲ ತುಂಬಿಸಿ, ಎರಡೂ ಒಂದೇ ಇದೆಯಾ ಅಂತ ಎಕ್ಸ್ಯಾಕ್ಟ್‌ನಿಂದ ನೋಡಿ. ಎರಡನೆಯ ಸಲ ಕಾಪಿ ಮಾಡಿದರೆ ಪ್ರಯೋಜನ ಇಲ್ಲ, ಪಾಸ್‌ಬುಕ್ ನೋಡಿ ತುಂಬಲು ಹೇಳಿ.

ಬ್ಯಾಡಗಿ_ಲೆಕ್ಕ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ಲಿಸ್ಟ್ ಯೂನಿಕೋಡ್‌ಗೆ ಬಂತು. ಬಾಣ ಒತ್ತಿದರೆ ಈಗ ಕನ್ನಡ ಓದಲು ಬರುತ್ತದೆ, ಹುಡುಗರು ತಾವಾಗಿ ಬಳಸುತ್ತಿದ್ದಾರೆ. ಸ್ಟೈಲ್ 2 ಮಾಡಿದೆ, ಫಾರ್ಮ್ ಖಾಲಿಯಾಗಿ ತೆರೆಯುತ್ತದೆ. ಜಿಲ್ಲೆ ಕೇಳುವುದು ನಿಲ್ಲಿಸಿದೆ. 'ಲಿಸ್ಟ್‌ನಲ್ಲಿ ಇಲ್ಲ' ಅನ್ನುವುದರಿಂದ ಆಗಲೇ ಎರಡು ಹೈಬ್ರಿಡ್ ಹೆಸರು ಗೊತ್ತಾದವು.

ಒಂದು ಉಳಿದಿದೆ. ಲಿಸ್ಟ್‌ನಿಂದ ಈಗ ಬೇಡವಾದ ಹಳೆಯ ತಳಿ ಹೆಸರು ತೆಗೆದರೆ ಹೋದ ವರ್ಷದ ಸಾಲುಗಳೆಲ್ಲ ತಪಾಸಣೆಯಲ್ಲಿ ಕೆಂಪಾಗುತ್ತವೆ. ತೆಗೆಯದಿದ್ದರೆ ಹುಡುಗರು ಅದನ್ನೇ ಆರಿಸುತ್ತಾರೆ.

ಧಾರವಾಡ_ಮಾಸ್ತರ್:

ತೆಗೆಯಬೇಡಮ್ಮಾ. ಲಿಸ್ಟ್ ಪಕ್ಕದಲ್ಲಿ 'ಚಾಲ್ತಿ' ಅಂತ ಒಂದು ಕಾಲಂ ಮಾಡು. ಹೌದು ಅಥವಾ ಇಲ್ಲ. ಡ್ರಾಪ್‌ಡೌನ್‌ಗೆ ಚಾಲ್ತಿ ಹೌದು ಇರುವುದು ಮಾತ್ರ ಹೋಗಲಿ. ತಪಾಸಣೆ ಕಾಲಂ ಪೂರ್ತಿ ಲಿಸ್ಟ್ ನೋಡಲಿ. ತಾಲ್ಲೂಕಿನ ಪಟ್ಟಿಗೂ ಹೀಗೇ ಮಾಡಿದರೆ ಹಳೆಯ 'ಧಾರವಾಡ, ಬ್ಯಾಡಗಿ' ಜೋಡಿಯನ್ನೂ ಚಾಲ್ತಿ ಇಲ್ಲ ಅಂತ ಇಟ್ಟುಕೊಳ್ಳಬಹುದು. ಹಳೆಯ ಕಾಗದದಂತೆ ಬರೆದ ಸಾಲು ಯಾವುದು, ಎಂಟ್ರಿಯ ತಪ್ಪು ಯಾವುದು ಅಂತ ಆಗ ಬೇರೆ ಬೇರೆ ಬಣ್ಣ ಕೊಡಲು ಬರುತ್ತದೆ.

ಹಾನಗಲ್_ಸಂಘ:

ನಾವು ಫೋನ್‌ನಲ್ಲಿ ಗೂಗಲ್ ಶೀಟ್ಸ್ ಬಳಸುತ್ತೇವೆ. ಚಾಲ್ತಿ ಕಾಲಂ ಅಲ್ಲೂ ನಡೆಯುತ್ತದಾ?

ಹುಬ್ಬಳ್ಳಿ_ಟ್ರೇನರ್:

ನಡೆಯುತ್ತದೆ. ಬೇರೆ ಶೀಟ್‌ನಲ್ಲಿ ಫಿಲ್ಟರ್ ಫಾರ್ಮುಲಾ ಹಾಕಿ ಚಾಲ್ತಿ ಇರುವ ಹೆಸರು ಮಾತ್ರ ತೆಗೆಯಿರಿ. ಡ್ರಾಪ್‌ಡೌನ್‌ಗೆ ಆ ರೇಂಜ್ ಕೊಡಿ. ನಿಯಮದ ಕೆಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ 'ಶೋ ವಾರ್ನಿಂಗ್' ಮತ್ತು 'ರಿಜೆಕ್ಟ್ ಇನ್‌ಪುಟ್' ಅಂತ ಎರಡು ಇವೆ. ಮೊದಲನೆಯದಿದ್ದರೆ ತಪ್ಪು ಹೆಸರು ಉಳಿಯುತ್ತದೆ, ಸೆಲ್ ಮೂಲೆಯಲ್ಲಿ ಗುರುತು ಮಾತ್ರ ಬರುತ್ತದೆ. ಎರಡನೆಯದನ್ನು ಆರಿಸಿ. ಅಂಟಿಸುವ ತೊಂದರೆ ಅಲ್ಲೂ ಇದೆ, ಆದ್ದರಿಂದ ತಪಾಸಣೆ ಕಾಲಂ ಅಲ್ಲೂ ಇರಲಿ. ಅದನ್ನು ಪ್ರೊಟೆಕ್ಟೆಡ್ ರೇಂಜ್ ಮಾಡಿ, ತಿದ್ದುವ ಅಧಿಕಾರ ಸಂಘದ ಲೆಕ್ಕ ನೋಡುವ ಒಬ್ಬರಿಗೆ ಮಾತ್ರ ಕೊಡಿ.